ಸೊಂಟಕ್ಕಿಟ್ಟ ಬಟ್ಟೆ

ಅಂತರಸಂತೆಯಲ್ಲಿ ನಮ್ಮ ಪಕ್ಕದ ಮನೆಯಾಕೆ ಮಗಳನ್ನು ಎತ್ತಿಕೊಳ್ಳುವ ಮೊದಲು ಹಳೇ ಸೀರೆಯ ತುಂಡೊಂದನ್ನು ಮಡಿಸಿ ಸೊಂಟಕ್ಕೆ ಇಟ್ಟುಕೊಳ್ಳುತ್ತಿದ್ದಳು. ಮಗುವಿನ ಬೆನ್ನು ಡೊಂಕೆಂದು ಮೈಸೂರಿನ ಡಾಕ್ಟರು ಕಂಕುಳಿಂದ ಕೆಳಗೆ ಪ್ಲಾಸ್ಟರಿನ ಕಟ್ಟು ಹಾಕಿದ್ದರು. ಅದರ ಅಂಚು ತಾಯಿಯ ಸೊಂಟವನ್ನು ಕೊರೆಯುತ್ತಿತ್ತು. ಕಟ್ಟಿಗೆ ನೀರು ಸೋಕಿಸುವಂತಿರಲಿಲ್ಲ. ಒದ್ದೆ ಬಟ್ಟೆಯಲ್ಲಿ ಕೈಕಾಲು ಒರೆಸುವುದೇ ಸ್ನಾನ. ಒಳಗೆ ನವೆಯೆಂದು ಮಗು ಅತ್ತರೆ ಬೀಸಣಿಗೆ ಬೀಸುತ್ತಾ, "ಕಳೀತದೆ ಬುಡವ್ವ, ಕಳೀತದೆ" ಎನ್ನುತ್ತಿದ್ದಳು. ಹೇಗಿದ್ದೀಯೆಂದು ನಾವು ಕೇಳಿದರೂ ಅದೇ ಮಾತು.

ಕಟ್ಟು ಬದಲಿಸುವ ದಿನ ಆಸ್ಪತ್ರೆಗೆ ನಾನೂ ಜೊತೆಗೆ ಹೋಗಿದ್ದೆ. ಹಳೆಯದನ್ನು ಕತ್ತರಿಸಿ ತೆಗೆದರು. ಅವಳು ಬಿಸಿನೀರು ಕೇಳಿ ಮಗುವನ್ನು ಮೀಯಿಸಿದಳು. ಎತ್ತಿಕೊಳ್ಳಲು ಎಂದಿನಂತೆ ಬಟ್ಟೆ ಇಟ್ಟವಳು, ಒಂದು ಕ್ಷಣ ನಿಂತು, ಅದನ್ನು ತೆಗೆದು ನನ್ನ ಕೈಗೆ ಕೊಟ್ಟಳು.

ಹೊಸ ಕಟ್ಟು ಹಾಕಲು ನರ್ಸು ಕರೆದರು.

"ಇನ್ನೊಸಿ ಒತ್ತು ಇರ್ಲಿ ಕಣವ್ವ," ಎಂದಳು. "ಮಗು ಮೆತ್ತಗೆ ತಾಕಿ ಬೋ ದಿನಾಯ್ತು."