ಫರಸಿಯ ಮೇಲೆ ಬರೆದ ಪಾಠ

ಶಹಾಬಾದಿನ ನಮ್ಮ ಮನೆಯ ನೆಲವೆಲ್ಲ ಸುಣ್ಣದಕಲ್ಲಿನ ಫರಸಿ. ಪಿಯುಸಿ ಪರೀಕ್ಷೆಗೆ ಒಂದೆಡೆ ಕೂತು ಓದುವ ತಾಳ್ಮೆ ನನಗಿರಲಿಲ್ಲ. ಒಂದೊಂದು ಫರಸಿಯ ಮೇಲೆ ಒಂದೊಂದು ರಾಸಾಯನಿಕ ಹೆಸರನ್ನು ಸೀಮೆಸುಣ್ಣದಿಂದ ಬರೆದು, ಬಾಗಿಲಿನಿಂದ ಒಲೆಯ ಕಡೆಗೆ ನಡೆಯುತ್ತ ಬಾಯಿಪಾಠ ಮಾಡುತ್ತಿದ್ದೆ. ಒಲೆಯ ಕಡೆಯಿಂದ ಅವ್ವ ಒದ್ದೆ ಅರಿವೆ ಹಿಡಿದು ನೆಲ ಒರೆಸುತ್ತ ಎದುರು ಬರುತ್ತಿದ್ದಳು.

"ಸರಿ ಆಕಡಿ! ತಲ್ಯಾಗ ಬರ್ಕೊ, ಫರಸಿ ಮ್ಯಾಲ ಅಲ್ಲ."

ಅವಳ ಕೈಗಿಂತ ಜೋರಾಗಿ ನನ್ನ ಬಾಯಿ ಓಡಬೇಕಿತ್ತು. ಒಲೆಯ ಹತ್ತಿರದ ಹೆಸರುಗಳು ಮಾತ್ರ ದಿನವೂ ನಾನು ಮುಟ್ಟುವ ಮೊದಲೇ ಅಳಿಸಿಹೋಗುತ್ತಿದ್ದವು.

ಪರೀಕ್ಷೆಯಲ್ಲಿ ಸುಣ್ಣದಕಲ್ಲಿನ ರಾಸಾಯನಿಕ ಹೆಸರು ಕೇಳಿದ್ದರು. ಎಷ್ಟು ತಡಕಾಡಿದರೂ ನೆನಪಾಗದೆ, ರೂಢಿಯಂತೆ ಕೆಳಗೆ ನೋಡಿದೆ. ಅಲ್ಲಿಯೂ ನನ್ನ ಕಾಲ ಕೆಳಗೆ ಸುಣ್ಣದಕಲ್ಲೇ ಇತ್ತು. ಯಾರೋ ಚೊಕ್ಕಟವಾಗಿ ಒರೆಸಿಟ್ಟಿದ್ದರು.