ಪಂಖಕ್ಕೆ ಹಾಕಿದ ಕಬ್ಬಿಣದ ಮೊಳೆ

ನಮ್ಮ ಕಡೆ ತಿಂಗಳುಗಳಿಗೆ ಎರಡೆರಡು ಹೆಸರಿದ್ದ ಕಾಲ ಅದು. ಮನೆಯಲ್ಲಿ ಶ್ರಾವಣ ಎಂದರೆ ಕಚೇರಿಯಲ್ಲಿ ಮೆಹರ್. ನಿಜಾಮ ಸರಕಾರದ ಕಾಗದಗಳು ಫಸಲಿ ಲೆಕ್ಕದಲ್ಲಿ ಇರುತ್ತಿದ್ದವು, ಹಬ್ಬಗಳು ಪಂಚಾಂಗದ ಲೆಕ್ಕದಲ್ಲಿ ಬರುತ್ತಿದ್ದವು. ನನ್ನ ವಹಿಯಲ್ಲಿ ನಾನು ಎರಡನ್ನೂ ಬರೆಯುತ್ತಿದ್ದೆ. ಆ ವಹಿ ಈಗಲೂ ನನ್ನ ಹತ್ತಿರ ಇದೆ. ಅದನ್ನು ಮುಂದಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಈಗ ನನಗೆ ಇಪ್ಪತ್ತೆರಡು, ಆಗ ಹನ್ನೊಂದು.

ದಂಡೋತಿಯಲ್ಲಿ ಕಾಗಿಣಾ ಹೊಳೆಯ ದಂಡೆಗೆ ನಮ್ಮ ಮನೆ. ಮಳೆಗಾಲದಲ್ಲಿ ಹೊಳೆ ದಾಟಲು ದೋಣಿಯೊಂದೇ ದಾರಿ. ಅಪ್ಪ ಮೊದಲು ಶಹಾಬಾದಿನ ಕಲ್ಲಿನ ಖಣಿಯಲ್ಲಿ ನೀರೆತ್ತುವ ಇಂಜಿನ್ ನಡೆಸುತ್ತಿದ್ದ. ಆ ವರ್ಷ ದೋಣಿಯ ಗುತ್ತೇದಾರರು ಅಂಥದೇ ಒಂದು ಹಳೆಯ ಸೀಮೆಎಣ್ಣೆ ಇಂಜಿನ್ ತಂದು ದೋಣಿಗೆ ಕೂಡಿಸಿ, ಅದನ್ನು ನೋಡಿಕೊಳ್ಳಲು ಅಪ್ಪನನ್ನು ಕರೆಸಿದರು. ಉದ್ದನೆಯ ಬಿದಿರು ಗಳಗಳಿಂದ ದೋಣಿ ನೂಕುತ್ತಿದ್ದ ಐವರಲ್ಲಿ ನಾಲ್ವರು ಕೆಲಸ ಹುಡುಕಿಕೊಂಡು ರಾವೂರಿನ ಖಣಿಗೆ ಹೋದರು. ಚುಕ್ಕಾಣಿ ಹಿಡಿಯಲು ಖಾಸಿಂ ಚಾಚಾ ಒಬ್ಬ ಉಳಿದ. ಆ ಗಳಗಳನ್ನು ಬೇಸಿಗೆಯಲ್ಲಿ ಯಾರದೋ ಮದುವೆಯ ಹಂದರಕ್ಕೆ ಒಯ್ದವರು ತಿರುಗಿ ತರಲಿಲ್ಲ.

ದೋಣಿ ದಿನಕ್ಕೆ ಎಷ್ಟು ಸಲ ದಾಟಿತು, ಎಷ್ಟು ಜನ, ಎಷ್ಟು ದನ ಎಂದು ಗುತ್ತೇದಾರರಿಗೆ ಬರೆದು ಕಳಿಸಬೇಕಿತ್ತು. ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ನಾನು ಮಠದ ಅಯ್ಯನವರ ಹತ್ತಿರ ಕನ್ನಡ ಕಲಿತಿದ್ದೆ. ಹೀಗೆ ಆ ಕೆಲಸ ನನಗೆ ಬಂತು. ಬರೆಯುವ ರೂಢಿಯಾದ ಮೇಲೆ ನಾನು ಬೇರೆಯದನ್ನೂ ಬರೆಯತೊಡಗಿದೆ. ಯಾರು ಎಷ್ಟು ರೊಟ್ಟಿ ತಿಂದರು, ಕುಂಟಾಟದಲ್ಲಿ ನಾನು ಎಷ್ಟು ಮನೆ ದಾಟಿದೆ, ನೀರಿನ ಮೇಲೆ ಎಸೆದ ಬಿಲ್ಲೆಕಲ್ಲು ಎಷ್ಟು ಸಲ ಜಿಗಿಯಿತು.

ದೋಣಿಯಲ್ಲಿ ಸೀಮೆಎಣ್ಣೆಯ, ತೊಯ್ದ ಗೋಣಿತಟ್ಟಿನ, ಎಮ್ಮೆಗಳ ವಾಸನೆ ಒಟ್ಟಿಗೆ ಬರುತ್ತಿತ್ತು. ಮಧ್ಯಾಹ್ನ ಅವ್ವ ಕಟ್ಟಿ ಕಳಿಸಿದ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿಯನ್ನು ಮೂವರೂ ಕೂತು ತಿನ್ನುತ್ತಿದ್ದೆವು.

"ಮುನಶಿ ಸಾಹೇಬ್ರ, ನಂದೂ ಬರಕೋರಿ," ಎಂದ ಒಂದು ದಿನ ಖಾಸಿಂ ಚಾಚಾ. "ಮುಂಜಾನಿಂದ ನಾಕು ಸಲ ಸೀನೀನಿ."

"ಐದು," ಎಂದೆ ನಾನು.

"ಯಾ ಅಲ್ಲಾ! ಶರಣಪ್ಪಣ್ಣಾ, ನಿನ್ನ ಮಗಳ ಮುಂದ ಸೀನಲಿಕ್ಕೂ ಅಂಜಿಕಿ ಬರ್ತದ ನೋಡು."

ಇಂಜಿನ್ನಿನಿಂದ ಒಂದು ಕಬ್ಬಿಣದ ದಂಡ ದೋಣಿಯ ಹಿಂಬದಿಗೆ ಹಾದು ನೀರಿಗೆ ಇಳಿಯುತ್ತಿತ್ತು. ಅದರ ತುದಿಗೆ ಮೂರು ಎಲೆಯ ಪಂಖ. ಪಂಖದ ಬುಡದಲ್ಲೂ ದಂಡದಲ್ಲೂ ಅಡ್ಡ ಒಂದು ತೂತು, ಆ ತೂತಿನಲ್ಲಿ ಕಿರುಬೆರಳಿಗಿಂತ ಸಣ್ಣದಾದ ಹಿತ್ತಾಳೆಯ ಮೊಳೆ. ದಂಡದ ಜೊತೆ ಪಂಖವನ್ನು ತಿರುಗಿಸುವುದು ಆ ಮೊಳೆ. ನಮ್ಮ ಹೊಳೆಯ ತಳ ಚಪ್ಪಡಿ ಕಲ್ಲಿನದು. ಕೆಂಪು ನೀರು ಬಂದಾಗ ದಂಡೆಯ ಹತ್ತಿರದ ಕಲ್ಲುಗಳು ಕಾಣುವುದಿಲ್ಲ. ಪಂಖ ಕಲ್ಲಿಗೆ ತಾಗಿದರೆ ಮೊಳೆ ಪಟ್ಟನೆ ತುಂಡಾಗುತ್ತಿತ್ತು. ಇಂಜಿನ್ ಓಡುತ್ತಲೇ ಇರುತ್ತಿತ್ತು, ದೋಣಿ ಮುಂದೆ ಹೋಗುತ್ತಿರಲಿಲ್ಲ. ಆಗ ಅಪ್ಪ ಸೊಂಟದುದ್ದ ನೀರಿಗೆ ಇಳಿದು, ಮುರಿದ ತುಂಡುಗಳನ್ನು ಹೊರಗೆ ಬಡಿದು, ಅರದಿಂದ ಉಜ್ಜಿ ಸಿದ್ಧ ಮಾಡಿಟ್ಟ ಬೇರೆ ಮೊಳೆ ಹಾಕುತ್ತಿದ್ದ. ನಾನು ಆರುನೂರು ಎಣಿಸುವುದರೊಳಗೆ ದೋಣಿ ಮತ್ತೆ ಹೊರಡುತ್ತಿತ್ತು. ಕೂತವರು ಮಾತ್ರ ಗೊಣಗುತ್ತಿದ್ದರು.

ಮೆಹರ್ ತಿಂಗಳು ಶುರುವಾಗುವ ಹೊತ್ತಿಗೆ ನನ್ನ ವಹಿಯಲ್ಲಿ ಹೀಗಿದೆ: ಹದಿನೆಂಟು ದಿನ, ಮೊಳೆ ಮುರಿದದ್ದು ಏಳು ಸಲ.

ನಾಗರ ಪಂಚಮಿ ಹತ್ತಿರ ಬಂದಿತ್ತು. ಪಂಚಮಿಗೆ ಅವ್ವ ತವರಿಗೆ ಹೋಗುತ್ತಿದ್ದಳು. ಅವಳ ತವರು ಆಚೆ ದಂಡೆಯ ಊರು. ನಮ್ಮ ಮಾಳಿಗೆಯ ಮೇಲೆ ನಿಂತರೆ ಅಲ್ಲಿಯ ಬೇವಿನ ಮರಗಳು ಕಾಣುತ್ತಿದ್ದವು. ಅಲ್ಲಿ ಆಯಿ, ಅಂದರೆ ಅವ್ವನ ತಾಯಿ, ಜಡ್ಡಿನಲ್ಲಿದ್ದಳು.

"ಪಂಚಮಿಗಿ ನಾ ಹೋಗಲೇಬೇಕ್ರಿ," ಎಂದಳು ಅವ್ವ ಅಪ್ಪನಿಗೆ. "ನಮ್ಮವ್ವಗ ಈ ಸಲ ಭಾಳ ಆಗ್ಯಾದಂತ. ಹೊಳ್ಯಾಗ ನಿಂತು ಮೊಳಿ ಬಡಕೋತ ಕುಂದರಬ್ಯಾಡ್ರಿ."

ನಾನು ವಹಿ ತೆಗೆದು ಓದಿ ಹೇಳಿದೆ. "ಅಪ್ಪಾ, ಕಬ್ಬಿಣದ್ದು ಹಾಕಿದ್ರ ಮುರಿಯಂಗಿಲ್ಲಲ್ಲ?"

"ಅದು ಮುರೀಲಿ ಅಂತಾನೇ ಹಿತ್ತಾಳಿದು ಇಡತಾರ ಮಗಾ. ಇಂಜಿನ್ ಕೂಡಿಸಿದ ಮಿಸ್ತ್ರಿ ಹಂಗೇ ಹೇಳ್ಯಾನ."

"ಹದಿನೆಂಟು ದಿನಕ್ಕ ಏಳು ಸಲ ಮುರದದ."

ಅವ್ವ ಅಪ್ಪನ ಕಡೆ ನೋಡುತ್ತಿದ್ದಳು. ಮರುದಿನ ಮುಂಜಾನೆ ಅವನು ಬಂಡಿಯ ಹಳೆಯ ಕಬ್ಬಿಣದ ಮೊಳೆಯೊಂದನ್ನು ಕತ್ತರಿಸಿ, ಉಜ್ಜಿ, ಪಂಖಕ್ಕೆ ಹಾಕಿದ.

ಪಂಚಮಿಯ ಹಿಂದಿನ ದಿನ ಹೊಳೆ ತುಂಬಿ ಬಂತು. ಎರಡು ದಿನ ದೋಣಿ ಬಿಡಲಿಲ್ಲ. ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು, ಮನೆಮನೆಯಲ್ಲಿ ಜೋಳದ ಅಳ್ಳು ಹುರಿದ ವಾಸನೆ ಇತ್ತು. ನಾನು ಜೋಕಾಲಿಯಲ್ಲಿ ನೂರ ಮೂವತ್ತು ಸಲ ಜೀಕಿದೆ. ಅವ್ವ ಆಯಿಗೆಂದು ಎಳ್ಳುಂಡಿ ಕಟ್ಟಿ ಡಬ್ಬಿಯಲ್ಲಿ ಇಟ್ಟಳು, ಮಾಳಿಗೆ ಹತ್ತಿ ನೀರು ನೋಡಿ ಇಳಿದು ಬಂದಳು. ಹಬ್ಬದ ಮರುದಿನ ದೋಣಿ ಹೊರಟಿತು. ಆದರೆ ದಾಟದೆ ನಿಂತ ಜನ, ದನ, ಬಂಡಿ ಎಲ್ಲ ಎರಡೂ ದಂಡೆಯಲ್ಲಿ ತುಂಬಿದ್ದರು. ಮೊದಲು ಅವರು ಹೋಗಲಿ, ಸೋಮವಾರ ಅವ್ವ ಹೋಗಲಿ ಎಂದು ಅಪ್ಪ ಹೇಳಿದ. ಕಬ್ಬಿಣದ ಮೊಳೆ ಹಾಕಿದ ಮೇಲೆ ಭಾನುವಾರದವರೆಗೆ ದೋಣಿ ಅರವತ್ತೆರಡು ಸಲ ದಾಟಿತು. ಮೊಳೆ ಮುರಿದದ್ದು ಸೊನ್ನೆ. ಆ ಸೊನ್ನೆಯನ್ನು ನಾನು ಉಳಿದ ಅಂಕಿಗಳಿಗಿಂತ ದೊಡ್ಡದಾಗಿ ಬರೆದಿದ್ದೇನೆ.

ಸೋಮವಾರ ಮುಂಜಾನೆ ದೋಣಿ ಒಮ್ಮೆ ಆಚೆಗೆ ಹೋಗಿ ತಿರುಗಿ ಬಂತು. ಅವ್ವ ಡಬ್ಬಿ ಹಿಡಿದು ದಂಡೆಯಲ್ಲಿ ನಿಂತಿದ್ದಳು. ದಂಡೆ ಇನ್ನೇನು ಮುಟ್ಟಿತು ಎನ್ನುವಾಗ ಕೆಳಗೆ ಕಲ್ಲು ಒಡೆದಂಥ ಸಪ್ಪಳವಾಯಿತು. ದೋಣಿ ನಡುಗಿ, ಇಂಜಿನ್ ಕೆಮ್ಮಿ ನಿಂತಿತು. ಕೂತವರೇ ಇಳಿದು ದೋಣಿಯ ಹಿಂಬದಿಯನ್ನು ದಂಡೆಗೆ ಎಳೆದರು. ಪಂಖದ ಒಂದು ಎಲೆ ಮಡಚಿಕೊಂಡು ದೋಣಿಯ ಹಲಗೆಗೆ ತಾಗಿತ್ತು. ಮೊಳೆ ಮುರಿದಿರಲಿಲ್ಲ. ತೂತಿನೊಳಗೇ ಬಾಗಿ ಸಿಕ್ಕಿಕೊಂಡು ಪಂಖವನ್ನು ಓರೆಯಾಗಿ ಹಿಡಿದಿತ್ತು, ಹಾಗೇ ತಿರುಗಿಸಿದರೆ ಎಲೆಗಳು ಹಲಗೆಗೆ ಬಡಿಯುತ್ತಿದ್ದವು.

"ಸಣ್ಣ ಪೆಟ್ಟು," ಎಂದ ಅಪ್ಪ. "ಎಲಿ ನೆಟ್ಟಗ ಮಾಡಿ, ಮೊಳಿ ತೆಗದ್ರ ಮುಗೀತು."

ಅವನು ಎಲೆಯ ಕೆಳಗೆ ಚಪ್ಪಡಿ ಇಟ್ಟು, ಮೇಲೆ ಕಟ್ಟಿಗೆಯ ತುಂಡು ಇಟ್ಟು ಬಡಿಯಲು ಶುರು ಮಾಡಿದ. ಆಗ ಆಚೆ ದಂಡೆಯಲ್ಲಿ ಯಾರೋ ಬಿಳಿಯ ಬಟ್ಟೆ ಬೀಸುವುದು ಕಂಡಿತು. ಅದು ನಮ್ಮ ಮಾಮ, ಅವ್ವನ ತಮ್ಮ. ಅವನ ಕೂಗು ನೀರಿನ ಮೇಲೆ ತುಂಡುತುಂಡಾಗಿ ಬಂತು.

"ಅಕ್ಕಾ… ಅವ್ವ… ಹೋದಳೂ…"

ಅಪ್ಪ ಎರಡೂ ಕೈ ಬಾಯಿಗೆ ಹಿಡಿದು ಕೂಗಿದ. "ಮಣ್ಣು… ಯಾವಾಗೋ…"

"ಹೊತ್ತು ಇಳಿಯೂದ್ರಾಗ… ಅಯ್ಯನೋರು ಅಂದಾರ… ಜಲ್ದಿ ಬರ್ರೀ…"

ಅವ್ವ ಅಳಲಿಲ್ಲ. ಒಂದು ಕಲ್ಲಿನ ಮೇಲೆ ಕೂತು ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. "ಮಣ್ಣಿಗಿ ಇಡೂದ್ರಾಗ ಒಮ್ಮಿ ಮಾರಿ ನೋಡಬೇಕ್ರಿ," ಎಂದಳು. "ಅಷ್ಟೇ."

"ಗಳಾ ಇದ್ದಿದ್ರ…" ಎಂದ ಯಾರೋ.

"ಗಳಾ ಇದ್ರೂ ನಾ ಒಬ್ಬ ಏನ್ ಮಾಡ್ಲಿ?" ಎಂದ ಖಾಸಿಂ ಚಾಚಾ. "ಈ ಸೆಳವಿನಾಗ ದೋಣಿ ಸೀದಾ ಶಹಾಬಾದಿಗೇ ಹೋಗ್ತದ."

ಎಲೆ ಇನ್ನೂರ ಹದಿನಾರು ಪೆಟ್ಟಿಗೆ ನೆಟ್ಟಗಾಯಿತು. ಅದರ ಅಂಚಿನ ಸೀಳನ್ನು ಚಾಚಾ ಅರದಿಂದ ಉಜ್ಜಿದ. ಮೊಳೆ ಬರಲಿಲ್ಲ. ಉಳಿ ಇಟ್ಟು ಬಡಿದರೆ ಅದರ ತುದಿ ಚಪ್ಪಟೆಯಾಗಿ ಇನ್ನಷ್ಟು ಬಿಗಿಯಾಗುತ್ತಿತ್ತು. ಆ ಚಪ್ಪಟೆಯನ್ನು ಉಜ್ಜಿ ತೆಗೆದು ಮತ್ತೆ ಬಡಿಯಬೇಕಾಗುತ್ತಿತ್ತು. ಎಣ್ಣೆ ಬಿಟ್ಟರು. ನಾನು ಮನೆಯಿಂದ ಸಗಣಿಯ ಕುಳ್ಳು ಹೊತ್ತು ತಂದೆ, ಬೆಂಕಿ ಹಾಕಿ ಕಾಯಿಸಿದರು. ತಣ್ಣಗಾದ ಮೇಲೆ ಮತ್ತೆ ಬಡಿದರು. ಮಧ್ಯಾಹ್ನವಾಯಿತು. ರೊಟ್ಟಿಯ ಗಂಟನ್ನು ಯಾರೂ ಬಿಚ್ಚಲಿಲ್ಲ.

"ಅಣ್ಣಾ, ಹಿತ್ತಾಳಿದೇ ಇದ್ದಿದ್ರ ಇಷ್ಟೊತ್ತಿಗಿ…" ಎಂದು ಚಾಚಾ ಶುರು ಮಾಡಿದ.

"ಸುಮ್ಮನಿರೋ ಖಾಸಿಂ," ಎಂದ ಅಪ್ಪ. ಅವನು ನನ್ನ ಕಡೆ ನೋಡಲಿಲ್ಲ. ನಾನು ವಹಿಯಲ್ಲಿ ಪೆಟ್ಟಿಗೊಂದು ಗೆರೆ ಎಳೆಯುತ್ತ ಎಣಿಸುತ್ತಿದ್ದೆ. ಒಂಬೈನೂರರವರೆಗೆ ಬರೆದಿದ್ದೇನೆ. ಆಮೇಲೆ ಗೆರೆಗಳಿಲ್ಲ.

ಹೊತ್ತು ವಾಲಿದಾಗ ಆಚೆಯಿಂದ ಭಜನೆ ಕೇಳಿಸಿತು. ನಮ್ಮವರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ, ವಿಮಾನ ಎನ್ನುವ ಮಂಟಪದಲ್ಲಿ ಕೂಡಿಸಿ ಹೊತ್ತು ಒಯ್ಯುತ್ತಾರೆ. ಹೊಲದ ಕಡೆ ಹೋಗಬೇಕಾದ ವಿಮಾನ ಹೊಳೆಯ ಕಡೆ ಬಂತು.

"ಬರಲಿಕತ್ತೀರೇನೂ…" ಎಂದು ಮಾಮ ಕೂಗಿದ.

"ಇನ್ನೊಂದು ಸ್ವಲ್ಪ…" ಎಂದು ಅಪ್ಪ ಕೂಗಿದ.

ಬಹಳ ಹೊತ್ತಿನ ಮೇಲೆ ಮಾಮ ಮತ್ತೆ ಕೂಗಿದ, ಅಪ್ಪ ಅದನ್ನೇ ಹೇಳಿದ. ಮೂರನೆಯ ಸಲ ಮಾಮ ಕೂಗಿದಾಗ ಅಪ್ಪ ಸುತ್ತಿಗೆ ಹಿಡಿದುಕೊಂಡೇ ನಿಂತಿದ್ದ.

ಆಗ ಅವರು ವಿಮಾನವನ್ನು ಹೊತ್ತುಕೊಂಡು ನೀರಿಗೆ ಇಳಿದರು. ಮೊಣಕಾಲು ಮುಳುಗುವಷ್ಟು ಬಂದು, ಆಯಿಯ ಮುಖ ನಮ್ಮ ಕಡೆ ಆಗುವಂತೆ ತಿರುಗಿಸಿ ನಿಂತರು. ಅವ್ವ ಡಬ್ಬಿಯನ್ನು ಕಲ್ಲಿನ ಮೇಲೆ ಇಟ್ಟು ಎದ್ದಳು. ಅವಳೂ ಮೊಣಕಾಲು ಮುಳುಗುವವರೆಗೆ ನೀರಿಗೆ ಹೋದಳು. ಅಪ್ಪನೂ ಚಾಚಾನೂ ಹಿಂದೆ ಹೋಗಿ ಅವಳ ತೋಳು ಹಿಡಿದುಕೊಂಡರು. ಭಜನೆ ನಿಂತಿತ್ತು. ಕೆಂಪು ನೀರು ನಡುವೆ ಹರಿಯುತ್ತಿತ್ತು. ನಾನು ಮುನ್ನೂರ ಹತ್ತು ಎಣಿಸಿದೆ. ಆಮೇಲೆ ಅವರು ತಿರುಗಿದರು.

ವಿಮಾನ ಬೇವಿನ ಮರಗಳ ಹಿಂದೆ ಹೋದ ಮೇಲೆ ಅಪ್ಪ ಮತ್ತೆ ಕೂತು ಬಡಿದ. ನಲವತ್ತೊಂದನೆಯ ಪೆಟ್ಟಿಗೆ ಮೊಳೆ ಹೊರಗೆ ಬಿತ್ತು. ಹಿತ್ತಾಳೆಯದು ಹಾಕಿದ. ದೋಣಿಯನ್ನು ನೀರಿಗೆ ನೂಕಿದರು, ಇಂಜಿನ್ ಒಂದೇ ಸಲಕ್ಕೆ ಹತ್ತಿತು. ಅವ್ವ ಬಂದು ಕೂತಳು.

ನಡು ಹೊಳೆಯಲ್ಲಿ ಅವಳು ನನ್ನ ಕಡೆ ತಿರುಗಿದಳು. "ನೀಲಾ, ನಿನ್ನ ಕಣ್ಣು ಚಲೋ ಅವ. ನನಗ ನೀರೇ ಕಾಣಿಸ್ತು. ಮಾರಿ ಕಾಣಿಸ್ತೇನು ನಿನಗ?"

ನನಗೆ ಕಂಡದ್ದು ಹಸಿರು ಸೀರೆ, ಅದರ ಮೇಲೆ ಏನೋ ಬಿಳಿ. ವಿಭೂತಿಯೋ ಹೂವೋ ತಿಳಿಯಲಿಲ್ಲ.

"ಕಾಣಿಸ್ತವ್ವ," ಎಂದೆ.

"ಹ್ಯಾಂಗಿತ್ತು?"

"ನಿದ್ದಿ ಹತ್ತಿದಂಗ ಇತ್ತು. ಹಣಿ ತುಂಬ ಈಬತ್ತಿ ಹಚ್ಚಿದ್ರು."

"ಬಾಯಿ ಮುಚ್ಚಿತ್ತಲ್ಲ?"

"ಮುಚ್ಚಿತ್ತು."

ಅವ್ವ ತಲೆ ಆಡಿಸಿದಳು. ನಾವು ಮುಟ್ಟಿದಾಗ ಮಣ್ಣು ಮುಚ್ಚಿ ಮೇಲೆ ಪತ್ರಿ ಇಟ್ಟಿದ್ದರು. ಅವ್ವ ಒಂದು ಹಿಡಿ ಮಣ್ಣು ಹಾಕಿದಳು. ಎಳ್ಳುಂಡಿಯನ್ನು ಅಲ್ಲಿದ್ದ ಮಕ್ಕಳಿಗೆ ಹಂಚಿದಳು. ಹತ್ತೊಂಬತ್ತು ಉಂಡಿಗಳಿದ್ದವು.

ಮುಂದಿನ ವರ್ಷ ಗುತ್ತೇದಾರರು ಇಂಜಿನ್ ಬಿಚ್ಚಿ ಒಯ್ದರು. ಅಪ್ಪ ಖಣಿಗೆ ಹೋದ. ಕಬ್ಬಿಣದ ಮಾತು ಯಾರದಾಗಿತ್ತು ಎಂದು ಅವನು ಯಾರ ಮುಂದೆಯೂ ಹೇಳಲಿಲ್ಲ. ನಾನು ಆ ಮಾತು ಆಡಿದಾಗ ಅವ್ವನೂ ಅಲ್ಲೇ ಇದ್ದಳು, ಅವಳಿಗೂ ಗೊತ್ತಿತ್ತು. ಅವಳೂ ಹೇಳಲಿಲ್ಲ. ಅವಳು ಪಂಚಮಿಗೆ ತವರಿಗೆ ಹೋಗುವುದನ್ನು ಬಿಟ್ಟಳು. ಪ್ರತಿ ಪಂಚಮಿಗೆ ಅಳ್ಳು ಹುರಿಯುತ್ತ ನನ್ನನ್ನು ಕೇಳುತ್ತಿದ್ದಳು, ಮಾರಿ ಹ್ಯಾಂಗಿತ್ತು ಎಂದು. ನಾನು ಹೇಳುತ್ತಿದ್ದೆ. ಒಂದು ವರ್ಷ ಕಿವಿಯ ಹತ್ತಿರ ಒಂದು ಹೂ ಜಾರಿತ್ತು ಎಂದೆ. ಇನ್ನೊಂದು ವರ್ಷ ತುಟಿಯಲ್ಲಿ ನಗೆ ಇದ್ದಂತೆ ಇತ್ತು ಎಂದೆ. ವಹಿಯಲ್ಲಿ ಇವು ಯಾವುವೂ ಇಲ್ಲ.

ಈಗ ಅವ್ವ ಕೇಳುವುದಿಲ್ಲ. ಮನೆಗೆ ಬಂದ ಹೆಣ್ಣುಮಕ್ಕಳಿಗೆ ಅವಳೇ ಹೇಳುತ್ತಾಳೆ, ಜಾರಿದ ಹೂವನ್ನು, ನಗೆಯನ್ನು, ತಾನೇ ಕಂಡಂತೆ. ನಾನು ಪಕ್ಕದಲ್ಲಿ ಕೂತು ಕೇಳುತ್ತೇನೆ.

ಆ ಸೋಮವಾರಕ್ಕೆ ಮೊದಲು ನಾನು ಆಯಿಯನ್ನು ಎಷ್ಟೋ ಸಲ ಹತ್ತಿರದಿಂದ ನೋಡಿದ್ದೆ. ಅವಳು ನನ್ನನ್ನು ಮುಂದೆ ಕೂಡಿಸಿಕೊಂಡು ತಲೆಗೆ ಎಣ್ಣೆ ಹಚ್ಚುತ್ತಿದ್ದಳು, ಬಾಯಿಗೆ ಉಂಡಿ ಇಡುತ್ತಿದ್ದಳು. ಆ ಮುಖವನ್ನು ನೆನೆಯಲು ಈಚೆಗೆ ಹಲವು ಸಲ ಕೂತು ನೋಡಿದ್ದೇನೆ. ಅವಳ ಕೈ ನೆನಪಾಗುತ್ತದೆ, ಸೀರೆಯ ಅಂಚು ನೆನಪಾಗುತ್ತದೆ. ಮುಖದ ಜಾಗದಲ್ಲಿ ನಾನು ದೋಣಿಯಲ್ಲಿ ಕೂತು ಅವ್ವನಿಗೆ ಹೇಳಿದ ಮುಖವೇ ಬರುತ್ತದೆ. ಹಣೆ ತುಂಬ ವಿಭೂತಿ, ಮುಚ್ಚಿದ ಬಾಯಿ. ಬೇರೆ ಮುಖ ಬರುವುದಿಲ್ಲ.