ಬಗಲಾಗಿನ ಕಡ್ಲಿ ಗಿಡ

ಎಂಬತ್ತರ ದಶಕದಾಗ, ನನಗ ಸಕ್ಕರಿ ಬ್ಯಾನಿ ಅಂತ ಗೊತ್ತಾದ ಹೊಸದರಾಗ, ಅಣ್ಣಿಗೇರಿಯಿಂದ ನವಲಗುಂದಕ್ಕ ಹೊಂಟಿದ್ದ ನಮ್ಮ ಬಸ್ಸು ಎರಿಹೊಲದ ನಡುವ ಕೆಟ್ಟು ನಿಂತಿತು. ಗುಳಿಗಿ ನುಂಗಿದ್ದೆ, ಹೊಟ್ಟಿ ಖಾಲಿ. ಬಾಜೂಕ ಕುಂತಿದ್ದವರು ಬುಂದೆ ಉಂಡಿ ನನ್ನ ಮುಂದ ಹಿಡದ್ರು. ಕೈ ಮುಗದು ಕೆಳಗಿಳದೆ.

ಉಳದವರೆಲ್ಲ ಕಡ್ಲಿ ಹೊಲದಾಗ ಕುಂತು ಹಸಿಗಾಯಿ ಸುಲಕೊಂಡು ತಿನ್ನಾಕತ್ತಿದ್ರು. ಮಂದಿ ಹೊಲದಾಗ ಹಂಗ ಕೂಡಾಕ ನನಗ ನಾಚಿಕಿ. ಒಂದು ಗಿಡಾ ಕಿತ್ತು ಬಗಲಾಗ ಮುಚ್ಚಿಕೊಂಡು ಬಸ್ಸಿನ ಕಡೆ ನಡದೆ.

"ಏ ಧೋತರದ ಕಾಕಾರ, ನಿಂದರ್ರಿ." ಹೊಲದ ಒಡತಿ, ಕೈಯಾಗ ಕುಡಗೋಲು.

"ಅವರೂ ತಿನ್ನಾಕತ್ತಾರಲ್ರಿ?" ಅಂದೆ.

"ತಿನ್ನಾಕ ಯಾರು ಬ್ಯಾಡಂದಾರ? ಹೊತಗೊಂಡು ಹೋದ್ರ ಕಳುವು. ಕುಂದರ್ರಿ, ಎಲ್ಲಾ ಇಲ್ಲೇ ತಿಂದು ಏಳ್ರಿ."

ಶಿಕ್ಷಾ ಶುರುವಾತು. ತಿನಕೋತ ನನ್ನ ಬ್ಯಾನಿ ಸುದ್ದಿ ಹೇಳಿದೆ.

"ಸಾವುಕಾರ್ರ ಬ್ಯಾನಿ ಬಂದೈತಿ, ಮತ್ತ ಕಳುವು ಯಾಕ್ರಿ?" ಅಂದಾಕಿನ ಬುತ್ತಿ ಬಿಚ್ಚಿ ಕಟಕ ರೊಟ್ಟಿ, ಹಸಿ ಹಕ್ಕರಕಿ ಸೊಪ್ಪು, ಮೂಲಂಗಿ ಮುಂದಿಟ್ಟಳು. "ಸಿಹಿ ಒಂದೂ ಇಲ್ಲ, ಹೆದರಬ್ಯಾಡ್ರಿ."

ಡಾಕ್ಟರು ಬ್ಯಾಡಂದದ್ದನ್ನೆಲ್ಲ ನೆನಸಿಕೋತ ಅಳೂದೊಂದು ಬಾಕಿ ಇದ್ದ ನಾನು, ತುಟಿಗೆ ಕಡ್ಲಿ ಹುಳಿ, ಹಲ್ಲಾಗ ಸೊಪ್ಪು ಹತ್ತಿಸಿಕೊಂಡು ಹುಡುಗರಂಗ ನಗಾಕತ್ತಿದ್ದೆ. ಡ್ರೈವರ್ ಹಾರ್ನ್ ಹೊಡದ್ರೂ ಏಳಲಿಲ್ಲ.

ಮುಂದಿನ ವಾರ ಬಸ್ಸು ಕೆಡಲಿಲ್ಲ. ಕಂಡಕ್ಟರಗ ಹೇಳಿ ಅಲ್ಲೇ ಇಳದೆ. ಒಂದು ಗಿಡಾ ಕಿತ್ತು, ಆಕಿಗೆ ಕಾಣೂ ಹಂಗ ಬಗಲಾಗ ಇಟಗೊಂಡು, ಸಾವಕಾಶ ನಡಕೋತ ಹೊಂಟೆ.